ಶೋಧಯಂತ್ರಕ್ಕೆ ನಿಲುಕದ ಶಾಸನಗಳು

ಹೊಸಪೇಟೆಯ ಸುತ್ತಣ ಗ್ರಾಮವೊಂದರ ಹೆಸರನ್ನು ಅಂತರಜಾಲದ ಸಾಮಾನ್ಯ ಶೋಧಯಂತ್ರದಲ್ಲಿ ಹುಡುಕಿ, ಏನೂ ದೊರೆಯದಿರಲು ಅಲ್ಲಿ ಶಾಸನವೇ ಇಲ್ಲವೆಂದು ಬರೆದುಬಿಡುವ ವಿದ್ಯಾರ್ಥಿಗಳುಂಟು. ಅವಸರದ ಈ ಒಂದು ವಾಕ್ಯದಿಂದ ಗ್ರಾಮವೊಂದರ ಚರಿತ್ರೆಯೇ ಅಳಿಸಿಹೋಗಬಹುದು. ತನ್ನ ಸೂಚಿಗೆ ಸೇರಿದ, ಅಕ್ಷರರೂಪದಲ್ಲಿರುವ ಪುಟಗಳನ್ನು ಮಾತ್ರ ಯಂತ್ರವು ತೋರಿಸಬಲ್ಲುದು. ಹಳೆಯ ಶಾಸನಸಂಪುಟಗಳಾದರೋ ಬಹುಮಟ್ಟಿಗೆ ಪುಟಗಳ ಛಾಯಾಚಿತ್ರಗಳಾಗಿ ಜಾಲವನ್ನು ಸೇರಿವೆ. ಅವುಗಳಲ್ಲಿನ ಒತ್ತಕ್ಷರಗಳನ್ನೂ ಱಕಾರ ೞಕಾರಗಳನ್ನೂ ಗಣಕವು ಅನೇಕ ವೇಳೆ ತಪ್ಪಾಗಿ ಓದುತ್ತದೆ.

ಆದುದರಿಂದ ಗ್ರಾಮಕ್ಕಿಂತ ಮೊದಲು ಗ್ರಂಥವನ್ನು ಅರಸಬೇಕು. ಯಾವ ಗ್ರಂಥವೆಂಬುದನ್ನು ಆಡಳಿತದ ಇತಿಹಾಸವೇ ತಿಳಿಸುತ್ತದೆ. ಹಂಪಿ, ಹೊಸಪೇಟೆ, ಕಂಪ್ಲಿಗಳು 1953ರವರೆಗೆ ಮದರಾಸಿಗೆ ಸೇರಿದ್ದುವು. ಸಂಡೂರು 1949ರವರೆಗೆ ಪ್ರತ್ಯೇಕ ಸಂಸ್ಥಾನ. ಮೈಸೂರು ಸಂಸ್ಥಾನದ ಶಾಸನಗಳಿಗಾಗಿ ಬಿ. ಎಲ್. ರೈಸ್ ಅವರು ಆರಂಭಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದಲ್ಲಿ ಈ ಊರುಗಳನ್ನು ಹುಡುಕುವುದು ವ್ಯರ್ಥಶ್ರಮ. 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ 4 ಮತ್ತು 9ನೆಯ ಸಂಪುಟಗಳನ್ನೂ ಮದರಾಸಿನ ಶಾಸನಶಾಖೆಯ ವಾರ್ಷಿಕ ವರದಿಗಳನ್ನೂ ಇಂಟರ್‌ನೆಟ್ ಆರ್ಕೈವ್‌ನಂತಹ ಭಂಡಾರವನ್ನು ಹೊಕ್ಕು, ಅಲ್ಲಿಯದೇ ಹುಡುಕುಪಟ್ಟಿಯಲ್ಲಿ ಗ್ರಂಥದ ಹೆಸರಿನಿಂದ ಪಡೆಯಬೇಕು. ಬಳಿಕ ಪುಟಗಳನ್ನು ಕಣ್ಣಿನಿಂದಲೇ ಓದಬೇಕು. ಬೇಸರದ ಕೆಲಸವೇ ಸರಿ. ಅಪ್ರಕಟಿತ ಪಿಎಚ್.ಡಿ. ಪ್ರಬಂಧಗಳಿಗೆ 'ಶೋಧಗಂಗಾ' ಭಂಡಾರವನ್ನೂ ಹೀಗೆಯೇ ನೇರವಾಗಿ ಹೊಗಬೇಕು.

ಹೆಸರುಗಳಲ್ಲಿಯೂ ಎಚ್ಚರಿಕೆ ಬೇಕು. ವಿಜಯನಗರ ಜಿಲ್ಲೆಯು ರಚಿತವಾದುದು 2021ರಲ್ಲಿ. ಹಳೆಯ ಸಂಪುಟಗಳಲ್ಲಿ ಹಂಪಿಯನ್ನು 'ಬೆಳ್ಳಾರಿ' ಜಿಲ್ಲೆಯ 'ಹಾಸ್ಪೆಟ್' ತಾಲ್ಲೂಕಿನಲ್ಲಿ, ಆ ಇಂಗ್ಲಿಷ್ ಕಾಗುಣಿತದಲ್ಲಿಯೇ, ನೋಡಬೇಕು. ಇಂದು ತಾನೇ ತಾಲ್ಲೂಕಾಗಿರುವ ಕಂಪ್ಲಿಯೂ ಆಗ ಅದೇ ತಾಲ್ಲೂಕಿನ ಊರು.