ಘಣಸೋಲಿಯ ಬಾಡಿಗೆ ಖೋಲಿ ಮತ್ತು ಕಾಗದದಲ್ಲಿ ಇಲ್ಲದ ಕಾರ್ಮಿಕ

ತಗಡಿನ ಜೋಪಡಿ ಕಂಡರೆ ಇಲ್ಲಿ ಬಡವರಿದ್ದಾರೆ ಅಂತ ನಾವು ಗುರುತು ಹಿಡಿಯುತ್ತೇವೆ. ನವಿ ಮುಂಬೈಯ ಘಣಸೋಲಿಯಲ್ಲಿ ಆ ಗುರುತು ಸಾಲದು. ಥಾಣೆಯಿಂದ ವಾಶಿಗೆ ಹೋಗುವ ಲೋಕಲ್ ರೈಲಿನಲ್ಲಿ ರಬಾಳೆ ದಾಟಿದ ಮೇಲೆ ಬರುವ ಸ್ಟೇಷನ್ ಇದು. ಪೂರ್ವಕ್ಕೆ ಥಾಣೆ-ಬೇಲಾಪುರ ರಸ್ತೆ, ಎಂಐಡಿಸಿ ಕಾರ್ಖಾನೆಗಳು, ರಿಲಯನ್ಸ್ ಕಾರ್ಪೊರೇಟ್ ಪಾರ್ಕ್. ಪಶ್ಚಿಮಕ್ಕೆ ಸಿಡ್ಕೊದ ಸೆಕ್ಟರ್‌ಗಳು, ಅವುಗಳ ನಡುವೆ ಹಳೆಯ ಊರು, ಅಂದರೆ ಗಾವಠಾಣ. ಅಲ್ಲಿ ಮೂರ್ನಾಲ್ಕು ಅಂತಸ್ತಿನ ಕಟ್ಟಡಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಹೊರಗೆ ಬಣ್ಣ, ಬಾಲ್ಕನಿ ಎಲ್ಲಾ ಇದೆ. ಒಳಗೆ ಒಂದೊಂದು ಖೋಲಿಯಲ್ಲಿ ಆರು, ಎಂಟು ಜನ.

ಯಾರಿವರು? ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಗಾರೆ ಕೆಲಸದವರು. ಉತ್ತರ ಪ್ರದೇಶ, ಬಿಹಾರದ ಹೆಲ್ಪರ್‌ಗಳು. ಪಶ್ಚಿಮ ಬಂಗಾಳದ ಸೆಂಟ್ರಿಂಗ್ ಕೆಲಸದವರು. ಬೆಳಿಗ್ಗೆ ನಾಕಾದಲ್ಲಿ ಟಿಫಿನ್ ಡಬ್ಬಿ ಹಿಡಿದು ನಿಲ್ಲುತ್ತಾರೆ. ಮುಕಾದಮ ಬಂದು ಕೈ ತೋರಿಸಿದವನಿಗೆ ಆ ದಿನದ ಕೂಲಿ, ಉಳಿದವರಿಗೆ ಹತ್ತು ಗಂಟೆ ಆಗುತ್ತಿದ್ದಂತೆ ವಾಪಸು ಖೋಲಿ.

ಖೋಲಿಗೆ ವಾಪಸು ಬಂದರೂ ಮಲಗಲು ಜಾಗ ಇರುತ್ತದೆ ಅಂತ ಹೇಳಲಾಗದು. ರಾತ್ರಿ ಪಾಳಿಯವನು ಆಗಲೇ ಬಂದು ಆ ಚಾಪೆಯ ಮೇಲೆ ಮಲಗಿರುತ್ತಾನೆ. ಒಂದೇ ಹಾಸಿಗೆಗೆ ಹಗಲೊಬ್ಬ, ರಾತ್ರಿಯೊಬ್ಬ. ಬಾಡಿಗೆಯನ್ನು ತಲೆ ಲೆಕ್ಕದಲ್ಲಿ ಹಂಚಿಕೊಳ್ಳುತ್ತಾರೆ. ಕರೆಂಟಿಗೆ ಮಾಲಿಕ ಹಾಕಿಸಿದ ಒಳ ಮೀಟರ್, ಯೂನಿಟ್ ದರವೂ ಅವನದೇ. ಕೂಡಿಸಿ ನೋಡಿ, ಅಡಿ ಲೆಕ್ಕದಲ್ಲಿ ಸೆಕ್ಟರ್‌ನ ಫ್ಲ್ಯಾಟಿನವರಿಗಿಂತ ಇವರು ಕೊಡುವುದೇನೂ ಕಮ್ಮಿ ಇರುವುದಿಲ್ಲ. ಬಡವನಿಗೆ ಎಲ್ಲವೂ ಚಿಲ್ಲರೆಯಲ್ಲೇ ಸಿಗುವುದು, ಚಿಲ್ಲರೆ ಯಾವಾಗಲೂ ದುಬಾರಿ.

ಹಾಗಂತ ಮಾಲಿಕನನ್ನು ಬೈದು ಮುಗಿಸುವ ಹಾಗೂ ಇಲ್ಲ. 1970ರಲ್ಲಿ ಸಿಡ್ಕೊ ಹುಟ್ಟಿತು. ಹೊಸ ನಗರ ಕಟ್ಟಲು ಇಲ್ಲಿನ ಆಗ್ರಿ, ಕೋಳಿ ಸಮುದಾಯಗಳ ಗದ್ದೆ, ಉಪ್ಪಿನ ಗದ್ದೆಗಳನ್ನು ಸರಕಾರ ವಶಪಡಿಸಿಕೊಂಡಿತು. 1984ರ ಜನವರಿಯಲ್ಲಿ ಉರಣ್ ಭಾಗದಲ್ಲಿ ದಿ. ಬಾ. ಪಾಟೀಲರ ನೇತೃತ್ವದ ಚಳವಳಿಯ ಮೇಲೆ ಗೋಲಿಬಾರ್ ಆಗಿ ಐವರು ಸತ್ತರು. ಭೂಮಿ ಕಳೆದುಕೊಂಡವರಿಗೆ ಅಭಿವೃದ್ಧಿಪಡಿಸಿದ ಜಾಗದಲ್ಲಿ ಶೇಕಡಾ 12.5 ಮರಳಿ ಕೊಡುವ ಯೋಜನೆ ಬಂದದ್ದು ಆ ಹೋರಾಟದ ನಂತರವೇ. ಗದ್ದೆ ಹೋದವರು ಮನೆಯ ಮೇಲೆ ಮನೆ ಕಟ್ಟಿದರು. ಈಗ ಬಾಡಿಗೆಯೇ ಅವರ ಬೆಳೆ. ಆದರೆ ಈ ಕಟ್ಟಡಗಳಲ್ಲಿ ಹೆಚ್ಚಿನವಕ್ಕೆ ಪರವಾನಗಿ ಇಲ್ಲ. ಕಷ್ಟ ಶುರುವಾಗುವುದು ಇಲ್ಲಿಂದ.

ಕಟ್ಟಡಕ್ಕೇ ಕಾಗದ ಇಲ್ಲದಿದ್ದರೆ ಬಾಡಿಗೆದಾರನಿಗೆ ಎಲ್ಲಿಂದ ಬರಬೇಕು? ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 55ನೇ ಕಲಮಿನ ಪ್ರಕಾರ ಕರಾರು ಬರೆದು ನೋಂದಣಿ ಮಾಡಿಸಲೇಬೇಕು, ಆ ಹೊಣೆ ಮಾಲಿಕನದು. ಇನ್ನೊಂದು ಮಾತೂ ಅದರಲ್ಲಿದೆ: ಬರವಣಿಗೆಯಲ್ಲಿ ಕರಾರು ಇಲ್ಲದಿದ್ದರೆ, ಬೇರೆ ಪುರಾವೆ ಸಿಗುವ ತನಕ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ. ಎಂಟು ಜನರ ಖೋಲಿಯಲ್ಲಿ ಇದನ್ನು ಓದಿ ಹೇಳುವವರು ಯಾರು? ಕರಾರು ಇಲ್ಲ, ಹಾಗಾಗಿ ವಿಳಾಸ ಇಲ್ಲ. ವಿಳಾಸ ಇಲ್ಲ, ಹಾಗಾಗಿ ಮನೆಬಳಕೆಯ ಗ್ಯಾಸ್ ಕನೆಕ್ಷನ್ ಕಷ್ಟ. 5 ಕೆ.ಜಿ.ಯ ಸಣ್ಣ ಸಿಲಿಂಡರ್ ವಿಳಾಸದ ಪುರಾವೆ ಇಲ್ಲದೆ ಸಿಗುತ್ತದೆ, ಆದರೆ ಸಬ್ಸಿಡಿ ಇಲ್ಲ.

ಬಂಗಾಳಿ ಮಾತಾಡುವ ಮುಸ್ಲಿಮನಾದರೆ ಕಾಗದದ ಕೊರತೆ ಬರೀ ಗ್ಯಾಸಿಗೆ ನಿಲ್ಲುವುದಿಲ್ಲ. 2025ರ ಜೂನ್‌ನಲ್ಲಿ ಮಹಾರಾಷ್ಟ್ರದಲ್ಲಿ ದುಡಿಯುತ್ತಿದ್ದ ಪಶ್ಚಿಮ ಬಂಗಾಳದ ಕೆಲವು ಕಾರ್ಮಿಕರನ್ನು ಬಾಂಗ್ಲಾದೇಶಿಗಳೆಂದು ಹಿಡಿದು ಗಡಿಯಾಚೆ ತಳ್ಳಲಾಯಿತು. ಅವರು ಭಾರತೀಯರೆಂದು ಖಾತ್ರಿಯಾದ ಮೇಲೆ ವಾಪಸು ಕರೆತರಬೇಕಾಯಿತು. ಇಂಥ ಸುದ್ದಿ ಬಂದ ವಾರ ನಾಕಾಕ್ಕೆ ಹೋಗಿ ನಿಲ್ಲಲು ಎಷ್ಟು ಧೈರ್ಯ ಬೇಕು, ನೀವೇ ಯೋಚಿಸಿ.

ಕಾನೂನು ಇಲ್ಲವೇ ಅಂದರೆ, ಇದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ, ಐವರಿಗಿಂತ ಕಡಿಮೆ ಇಲ್ಲದಷ್ಟು ಕಾರ್ಮಿಕರನ್ನು ಕರೆತರುವ ಗುತ್ತಿಗೆದಾರ ಫೋಟೊ ಇರುವ ಪಾಸ್‌ಬುಕ್, ಪ್ರಯಾಣ ಭತ್ಯೆ, ವಸತಿ ಕೊಡಬೇಕು ಅಂದಿತ್ತು. 2020ರ ಸಂಹಿತೆ ಆ ಐದನ್ನು ಹತ್ತು ಮಾಡಿತು. ನಾಕಾದಲ್ಲಿ ಒಬ್ಬೊಬ್ಬನನ್ನೇ ಆರಿಸಿ ಕರೆದೊಯ್ಯುವಾಗ ಐದೂ ಆಗುವುದಿಲ್ಲ, ಹತ್ತೂ ಆಗುವುದಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಬೇಕಾದರೆ ವರ್ಷದಲ್ಲಿ 90 ದಿನ ದುಡಿದದ್ದಕ್ಕೆ ಪತ್ರ ಬೇಕು. 90 ದಿನದಲ್ಲಿ 40 ಮಾಲಿಕರು, ಯಾರ ಸಹಿ ಹಾಕಿಸೋದು?

ರೇಷನ್ ವಿಷಯದಲ್ಲಿ ಮಾತ್ರ ಒಂದು ದಾರಿ ತೆರೆದಿದೆ. 2020ರ ಲಾಕ್‌ಡೌನ್‌ನ ಅನಾಹುತದ ನಂತರ, ‘ಒಂದು ದೇಶ, ಒಂದು ಪಡಿತರ ಚೀಟಿ’ ಯೋಜನೆಯನ್ನು 2021ರ ಜುಲೈ 31ರೊಳಗೆ ಎಲ್ಲ ರಾಜ್ಯಗಳಲ್ಲೂ ಜಾರಿ ಮಾಡಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆಳಂದದ ಕಾರ್ಡಿನ ಅಕ್ಕಿಯಲ್ಲಿ ಸ್ವಲ್ಪ ಇಲ್ಲಿ, ಉಳಿದದ್ದು ಊರಲ್ಲಿ ಹೆಂಡತಿ ಮಕ್ಕಳು ತೆಗೆದುಕೊಳ್ಳಬಹುದು. ಅಡ್ಡಿ ಬರುವುದು ಬೆರಳು. ಸಿಮೆಂಟಿನಲ್ಲಿ ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ದುಡಿದ ಗುರುತೇ ಅವನ ಗುರುತನ್ನು ಅಳಿಸಿದ ಹಾಗೆ.

ಇದೆಲ್ಲಾ ದೂರದ ಮುಂಬೈ ಕಥೆ ಅನ್ನಬೇಡಿ. ನಮ್ಮ ಮಂಗಳೂರು, ಉಡುಪಿ ಕಡೆಯ ಮಸೀದಿಗಳಲ್ಲೂ ಜುಮಾದ ದಿನ ಹಿಂದಿನ ಸಫ್‌ಗಳಲ್ಲಿ ಬಿಹಾರ, ಬಂಗಾಳದ ಹುಡುಗರು ನಿಂತಿರುತ್ತಾರೆ. ಸಲಾಂ ಕೊಟ್ಟು ಮುಗಿಸುವ ಹೊತ್ತಿಗೆ ಅವರು ಹೊರಟಿರುತ್ತಾರೆ. ನಮ್ಮಲ್ಲಿ ಜಮಾಅತ್‌ನ ರಿಜಿಸ್ಟರ್‌ನಲ್ಲಿ ಹೆಸರಿದ್ದವನಿಗೆ ನಿಕಾಹ್‌ಗೆ ಪತ್ರ, ಕಷ್ಟಕ್ಕೆ ಝಕಾತ್. ಹೊರಗಿನಿಂದ ಬಂದವನ ಹೆಸರು ಯಾವ ಜಮಾಅತ್‌ನಲ್ಲಿದೆ? ಸೂರಃ ತೌಬಾದ 60ನೇ ವಚನದಲ್ಲಿ ಝಕಾತ್‌ಗೆ ಅರ್ಹರಾದ ಎಂಟು ವರ್ಗದವರ ಪಟ್ಟಿಯ ಕೊನೆಗೆ ಇಬ್ನುಸ್ಸಬೀಲ್, ಅಂದರೆ ದಾರಿಯಲ್ಲಿರುವವನು ಬರುತ್ತಾನೆ. ಊರಿಗೆ ಹೋಗಲು ಟಿಕೆಟಿನ ದುಡ್ಡಿಲ್ಲದ ಸೆಂಟ್ರಿಂಗ್ ಹುಡುಗ ಆ ಸಾಲಿಗೆ ಸೇರುವುದಿಲ್ಲವೇ? ಉಲಮಾಗಳು ವಿವರವಾಗಿ ಹೇಳಲಿ, ನನಗಂತೂ ಸೇರುತ್ತಾನೆ ಅನಿಸುತ್ತದೆ.

ದುಡ್ಡು ಬೇಡದ ಕೆಲಸವೂ ಇದೆ. ವಿದ್ಯಾರ್ಥಿಗಳೇ, ನಿಮ್ಮ ಕೈಯಲ್ಲಿರುವ ಮೊಬೈಲ್ ಸಾಕು. 2021ರ ಆಗಸ್ಟ್‌ನಲ್ಲಿ ಶುರುವಾದ ಇ-ಶ್ರಮ್ ನೋಂದಣಿ 16ರಿಂದ 59 ವರ್ಷದ, ಪಿಎಫ್ ಮತ್ತು ಇಎಸ್‌ಐ ಇಲ್ಲದ ಕಾರ್ಮಿಕರಿಗೆ ಉಚಿತ. ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್, ಬ್ಯಾಂಕ್ ಖಾತೆ ಇದ್ದರೆ ಆಗುತ್ತದೆ. ಜುಮಾ ಮುಗಿದ ಮೇಲೆ ಮಸೀದಿಯ ವರಾಂಡದಲ್ಲಿ ಒಂದು ಮೇಜು ಹಾಕಿ ಕೂತರೆ ಒಂದು ಮಧ್ಯಾಹ್ನಕ್ಕೆ ಹತ್ತು ಹದಿನೈದು ಜನರದ್ದು ಮಾಡಿ ಮುಗಿಸಬಹುದು.