ಗೇಟಿನ ಬೆಸುಗೆಗೆ ಯಾವ ರಾಡ್?

ಪ್ರಶ್ನೆ: ಗೇಟಿನ ಕೀಲು ಕಿತ್ತುಬಂದಿದೆ. ಮಾಗಡಿ ರಸ್ತೆಯ ಅಂಗಡಿಯಲ್ಲಿ 6013, 7018 ಎರಡೂ ಇವೆ. ಯಾವುದು ಕೊಳ್ಳಲಿ?
– ಓದುಗರು, ಶ್ರೀಗಂಧದ ಕಾವಲ್

ಉತ್ತರ: 6013 ಕೊಳ್ಳಿ. ಮೊದಲೆರಡು ಅಂಕಿ ಬೆಸುಗೆಯ ಬಲ ಹೇಳುತ್ತವೆ. 60 ಎಂದರೆ ಚದರ ಇಂಚಿಗೆ 60,000 ಪೌಂಡ್ ಎಳೆತ. ಗೇಟು, ಕಿಟಕಿ ಸರಳಿಗೆ ಧಾರಾಳವಾಯಿತು. 7018 ಇನ್ನೂ ಗಟ್ಟಿ, ನಿಜ. ಆದರೆ ಅದರ ಲೇಪನ ತೇವ ಹೀರಿದರೆ ಬೆಸುಗೆಗೆ ಹೈಡ್ರೋಜನ್ ಸೇರಿ ಬಿರುಕು ಬಿಡಬಹುದು. ಪೊಟ್ಟಣ ಒಡೆದ ಮೇಲೆ ಬಿಸಿಪೆಟ್ಟಿಗೆಯಲ್ಲೇ ಇಡಬೇಕು. ಮನೆಯಲ್ಲಿ ಅದೆಲ್ಲಿ ಸಾಧ್ಯ? 6013 ತಾಗಿಸಿದೊಡನೆ ಕಿಡಿ ಹಿಡಿಯುತ್ತದೆ, ಸಣ್ಣ ಮೆಷಿನ್‌ಗೂ ಒಗ್ಗುತ್ತದೆ. ಮೇಲಿನ ಕಪ್ಪು ಸ್ಲ್ಯಾಗ್ ಸುತ್ತಿಗೆ ತಟ್ಟಿದರೆ ಸಿಪ್ಪೆಯಂತೆ ಏಳುತ್ತದೆ. ತೆಳು ಪೈಪಿಗೆ 2.5 ಮಿ.ಮೀ. ರಾಡು, 60ರಿಂದ 90 ಆಂಪಿಯರ್. ದಪ್ಪ ಆಂಗಲ್‌ಗೆ 3.15. ಜಿ.ಐ. ಪೈಪಾದರೆ ಸತುವಿನ ಲೇಪ ಉಜ್ಜಿ ತೆಗೆದು ಬಯಲಲ್ಲೇ ಬೆಸೆಯಿರಿ. ಸತುವಿನ ಹೊಗೆ ಕುಡಿದರೆ ಜ್ವರ ಬರುತ್ತದೆ.