ಬ್ರೌಸರಿನ ಎರವಲು ಅಂಗಗಳು

ಮಾವಿನ ಮರದ ಕೊಂಬೆಯ ಮೇಲೆ ಬೆಳೆಯುವ ಬಂದಳಿಕೆಯನ್ನು ವಾಚಕರು ನೋಡಿರಬಹುದು. ಅದಕ್ಕೆ ಎಲೆಯುಂಟು, ಹೂವುಂಟು, ನೆಲದಲ್ಲಿ ಬೇರಿಲ್ಲ. ಕೊಂಬೆಯನ್ನು ಕಡಿದರೆ ಅದೂ ಒಣಗುವುದು. ನಾವು ದಿನವೂ ಬಳಸುವ ಬ್ರೌಸರಿಗೆ ಹೊರಗಿನವರು ರಚಿಸಿ ಸೇರಿಸುವ ಪ್ಲಗ್‌-ಇನ್, ಎಕ್ಸ್‌ಟೆನ್ಷನ್ ಮುಂತಾದ ಜೋಡಣೆಗಳ ಸ್ಥಿತಿಯೂ ಬಹುಮಟ್ಟಿಗೆ ಇಂಥದೇ. ಬ್ರೌಸರನ್ನು ಮಾಡಿದವರು ಒಬ್ಬರು, ಜೋಡಣೆಯನ್ನು ಮಾಡಿದವರು ಇನ್ನೊಬ್ಬರು; ಇಬ್ಬರನ್ನೂ ನಂಬಿ ಕೆಲಸ ನಡೆಸುವವರು ನಾವು.

ಬ್ರೌಸರು ಇಂಥ ಜೋಡಣೆಗಳಿಗೆಂದು ಕೆಲವು ನಿಯತ ದ್ವಾರಗಳನ್ನು ತೆರೆದಿಟ್ಟಿರುತ್ತದೆ. 1990ರ ದಶಕದಲ್ಲಿ ನೆಟ್‌ಸ್ಕೇಪ್ ಸಂಸ್ಥೆಯು ರೂಪಿಸಿದ ಎನ್‌ಪಿಎಪಿಐ ಅಂಥದೊಂದು ದ್ವಾರ. ಫ್ಲ್ಯಾಷ್ ಎಂಬ ಪ್ರಸಿದ್ಧ ಪ್ಲಗ್‌-ಇನ್ ಹಲವು ಬ್ರೌಸರುಗಳೊಳಕ್ಕೆ ಬಂದದ್ದು ಈ ಮಾರ್ಗದಿಂದಲೇ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದರಿಂದಾದ ಉಪಕಾರ ಸಾಮಾನ್ಯವಲ್ಲ. ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ ಅವರು 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ ಆರಂಭಿಸಿದ ‘ಫೆಟ್’ ಯೋಜನೆಯ ಪ್ರಯೋಗಚಿತ್ರಗಳು ಮೊದಲಿಗೆ ಜಾವಾ, ಫ್ಲ್ಯಾಷ್‌ಗಳಲ್ಲಿಯೇ ರಚಿತವಾದವು. ಉಪಕರಣಗಳಿಗೆ ಹಣವಿಲ್ಲದ ಕಾಲೇಜಿನಲ್ಲಿಯೂ ವಿದ್ಯುನ್ಮಂಡಲವನ್ನು ಪರದೆಯ ಮೇಲೆ ಜೋಡಿಸಿ ನೋಡುವುದು ಇಂಥವುಗಳಿಂದ ಸಾಧ್ಯವಾಯಿತು.

ಆದರೆ ಆ ದ್ವಾರದಿಂದ ಒಳಬಂದ ತಂತ್ರಾಂಶಕ್ಕೆ ಇಡೀ ಗಣಕದ ಮೇಲೆ ಬಳಕೆದಾರನಿಗಿರುವಷ್ಟೇ ಅಧಿಕಾರ ದೊರೆಯುತ್ತಿತ್ತು. ಅದರಲ್ಲಿ ಒಂದು ದೋಷವಿದ್ದರೂ ಸಾಕು, ದುಷ್ಕರ್ಮಿಗಳಿಗೆ ಹಾದಿಯಾಗುತ್ತಿತ್ತು. ಆದ್ದರಿಂದ ಕ್ರೋಮ್ 2015ರಲ್ಲಿ ಈ ದ್ವಾರವನ್ನು ಮುಚ್ಚಿತು. 2017ರಲ್ಲಿ ಫೈರ್‌ಫಾಕ್ಸ್ ಫ್ಲ್ಯಾಷ್ ಒಂದನ್ನುಳಿದು ಮಿಕ್ಕೆಲ್ಲವನ್ನೂ ಹೊರಗಿಟ್ಟಿತು. ಕಡೆಗೆ ಅಡೋಬ್ ಸಂಸ್ಥೆಯೇ 2020ರ ಡಿಸೆಂಬರ್ 31ರಂದು ಫ್ಲ್ಯಾಷ್‌ಗೆ ಬೆಂಬಲವನ್ನು ನಿಲ್ಲಿಸಿತು. 2021ರ ಜನವರಿ 12ರಿಂದ ಫ್ಲ್ಯಾಷ್ ತನ್ನಲ್ಲಿಯೇ ಅಡಗಿದ್ದ ಕಾಲಸೂಚನೆಯಂತೆ ಕೆಲಸಮಾಡಲು ನಿರಾಕರಿಸಿತು. ದಕ್ಷಿಣ ಆಫ್ರಿಕದ ಕಂದಾಯ ಇಲಾಖೆಯು ತನ್ನ ಫ್ಲ್ಯಾಷ್ ನಮೂನೆಗಳಿಗಾಗಿ ತನ್ನದೇ ಒಂದು ಬ್ರೌಸರನ್ನು ಹೊರತರಬೇಕಾಯಿತು! ಫೆಟ್ ಯೋಜನೆಯವರು ಮಾತ್ರ ಮೊದಲೇ ಎಚ್ಚೆತ್ತು, ತಮ್ಮ ರಚನೆಗಳನ್ನು ಒಂದೊಂದಾಗಿ ಎಚ್‌ಟಿಎಂಎಲ್‌-5ರಲ್ಲಿ ಹೊಸದಾಗಿ ಬರೆಯತೊಡಗಿದ್ದರು. ಎಲ್ಲ ಅಧ್ಯಾಪಕರಿಗೂ ಅಷ್ಟು ಬಿಡುವಾಗಲಿ ಧನವಾಗಲಿ ಎಲ್ಲಿಂದ ಬರಬೇಕು?

ಇದಕ್ಕಿಂತ ಕುತೂಹಲಕರವಾದದ್ದು 2019ರ ಮೇ ತಿಂಗಳ ಘಟನೆ. ಫೈರ್‌ಫಾಕ್ಸಿನ ಪ್ರತಿಯೊಂದು ಎಕ್ಸ್‌ಟೆನ್ಷನ್‌ಗೂ ಮೊಜಿಲ್ಲ ಸಂಸ್ಥೆಯ ಅಂಕೀಯ ಸಹಿ ಇರಬೇಕು. ಆ ಸಹಿಗೆ ಒಂದು ಪ್ರಮಾಣಪತ್ರ ಆಧಾರ, ಅದಕ್ಕೆ ಮೇಲಿನ ಇನ್ನೊಂದು ಪ್ರಮಾಣಪತ್ರ ಆಧಾರ. ಹೀಗೆ ಸರಪಣಿಯ ಕೊಂಡಿಗಳು. ಪ್ರತಿ ಪ್ರಮಾಣಪತ್ರಕ್ಕೂ ಒಂದು ಅವಧಿಯುಂಟು. ನಡುವಣ ಒಂದು ಕೊಂಡಿಯ ಅವಧಿ ಮುಗಿದುದನ್ನು ಯಾರೂ ಸಕಾಲದಲ್ಲಿ ಗಮನಿಸಲಿಲ್ಲ. ಮೇ 4ರ ಹೊತ್ತಿಗೆ ಲೋಕದ ನಾನಾ ಕಡೆ ಎಕ್ಸ್‌ಟೆನ್ಷನ್‌ಗಳು ಸ್ತಬ್ಧವಾದವು. ಅವುಗಳಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ಪಂಚಾಂಗದ ದಿನ ಮಾತ್ರ. ಫೈರ್‌ಫಾಕ್ಸನ್ನು ಆಧರಿಸಿದ ಟಾರ್ ಬ್ರೌಸರಿನಲ್ಲಿ ನೋಸ್ಕ್ರಿಪ್ಟ್ ಎಂಬ ರಕ್ಷಣಾ ಜೋಡಣೆಯೂ ನಿಂತುಹೋಯಿತು. ಗುರುತು ಮರೆಸಿಕೊಳ್ಳಲೇಬೇಕಾದ ಪತ್ರಕರ್ತರೇ ಮೊದಲಾದವರು ಬಳಸುವ ಬ್ರೌಸರು ಅದು. ತಮ್ಮ ಕವಚದ ಒಂದು ತುಂಡು ಕಳಚಿದೆಯೆಂಬುದನ್ನು ಅವರಲ್ಲಿ ಎಷ್ಟು ಜನ ಕೂಡಲೇ ಗಮನಿಸಿದ್ದಾರು?

ಜೋಡಣೆಯು ನಿಲ್ಲದೆ, ಕೈ ಬದಲಾಯಿಸುವುದೂ ಉಂಟು. ತೆರೆದಿಟ್ಟ ಪುಟಗಳನ್ನು ಮಲಗಿಸಿ ಗಣಕದ ಸ್ಮೃತಿಯನ್ನು ಉಳಿಸುತ್ತಿದ್ದ ‘ದಿ ಗ್ರೇಟ್ ಸಸ್ಪೆಂಡರ್’ ಬಹು ಜನಪ್ರಿಯವಾಗಿತ್ತು. 2020ರಲ್ಲಿ ಅದರ ಕರ್ತೃ ಅದನ್ನು ಮಾರಿದರು. ಎಕ್ಸ್‌ಟೆನ್ಷನ್‌ಗಳು ತಾವಾಗಿಯೇ ನವೀಕರಣಗೊಳ್ಳುವುದರಿಂದ, ಹೊಸ ಒಡೆಯರ ತಂತ್ರಾಂಶವು ಬಳಕೆದಾರರನ್ನು ಕೇಳದೆಯೇ ಅವರ ಗಣಕವನ್ನು ಹೊಕ್ಕಿತು. 2021ರ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥೆಯು ಅದನ್ನು ಹಾನಿಕರವೆಂದು ತೆಗೆದುಹಾಕಿತು. ಮಲಗಿದ್ದ ಪುಟಗಳೂ ಅದರೊಡನೆ ಕಣ್ಮರೆಯಾದವು.

ಆದಕಾರಣ ಎಕ್ಸ್‌ಟೆನ್ಷನ್ ಒಂದನ್ನು ಸೇರಿಸುವಾಗ ಅದು ಕೇಳುವ ಅನುಮತಿಗಳನ್ನು ಓದುವುದು ಮೇಲು. ‘ಎಲ್ಲ ಜಾಲತಾಣಗಳ ದತ್ತಾಂಶವನ್ನು ಓದಿ ಬದಲಾಯಿಸಲು’ ಅನುಮತಿ ಪಡೆದದ್ದು ನಾವು ಬ್ಯಾಂಕಿನ ಪುಟದಲ್ಲಿ ಬರೆದುದನ್ನೂ ಓದಬಲ್ಲದು. ನಮ್ಮ ಟಿಪ್ಪಣಿಗಳು ಅದರಲ್ಲಿ ಮಾತ್ರ ಉಳಿಯುವಂತಿದ್ದರೆ, ಸಾಧಾರಣ ಕಡತವಾಗಿ ಒಂದು ಪ್ರತಿಯನ್ನು ತೆಗೆದಿಡಬೇಕು.

ಹಳೆಯ ಫ್ಲ್ಯಾಷ್ ಕೃತಿಗಳು ಪೂರ್ತಿ ನಷ್ಟವಾಗಲಿಲ್ಲವೆಂಬುದು ಸಂತೋಷದ ಸಂಗತಿ. ರಫಲ್ ಎಂಬ ತಂತ್ರಾಂಶವು ಫ್ಲ್ಯಾಷನ್ನು ಅನುಕರಿಸಿ ಅವುಗಳಲ್ಲಿ ಅನೇಕವನ್ನು ನಡೆಸಬಲ್ಲದು. ಇಂಟರ್ನೆಟ್ ಆರ್ಕೈವ್ ಸಂಸ್ಥೆಯು 2020ರಿಂದ ಅದನ್ನು ಬಳಸುತ್ತಿದೆ. ಮನೆಯಲ್ಲಿ ಪ್ರಯೋಗಿಸಿ ನೋಡಬಯಸುವವರಿಗೆ ಅದು ಒಂದು ಎಕ್ಸ್‌ಟೆನ್ಷನ್ ರೂಪದಲ್ಲಿಯೂ ದೊರೆಯುತ್ತದೆ.